ಆಪರೇಷನ್ ಎಂದರೆ ಹೆಣ್ಣಿನದೇ?

ಆಳಂದ, ಅಫಜಲಪುರ, ಜೇವರ್ಗಿ ಕಡೆ ‘ಆಪರೇಷನ್ ಆಗ್ಯಾದೇನು?’ ಎಂದು ಕೇಳುವುದು ಹೆಣ್ಣನ್ನು ಮಾತ್ರ. ಯಾವ ಆಪರೇಷನ್ ಎಂದು ಬಿಡಿಸಿ ಹೇಳಬೇಕಿಲ್ಲ. ಗಂಡಸನ್ನು ಹಾಗೆ ಕೇಳಿದರೆ ಜಗಳವೇ ಆದೀತು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದ 15ರಿಂದ 49 ವರ್ಷದ ವಿವಾಹಿತೆಯರಲ್ಲಿ ಶೇ. 57.4 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಪುರುಷರ ಶಸ್ತ್ರಚಿಕಿತ್ಸೆಯ ಮುಂದಿರುವ ಅಂಕಿ 0.0!

ವೈದ್ಯಕೀಯವಾಗಿ ನೋಡಿದರೆ ಇದು ತಲೆಕೆಳಗಾದ ಲೆಕ್ಕ. ಹೆಣ್ಣಿನ ಹೊಟ್ಟೆ ಕೊಯ್ದು ಗರ್ಭನಾಳಕ್ಕೆ ತಡೆ ಹಾಕಬೇಕು. 2014ರಲ್ಲಿ ಛತ್ತೀಸ್‌ಗಢದ ಬಿಲಾಸಪುರದ ಶಿಬಿರಗಳಲ್ಲಿ ಹತ್ತಕ್ಕೂ ಹೆಚ್ಚು ಮಹಿಳೆಯರು ಪ್ರಾಣ ಕಳೆದುಕೊಂಡರು. ಬದುಕಿ ಬಂದವಳಿಗೂ ಭಾರ ಎತ್ತಬೇಡ ಎನ್ನುತ್ತಾರೆ ವೈದ್ಯರು; ತೊಗರಿ ಕೊಯ್ಲಿನ ಕೂಲಿಯವಳಿಗೆ ಆ ವಿಶ್ರಾಂತಿ ಕೊಡುವವರು ಯಾರು? ಗಂಡಸಿನ ಹೊಸ ವಿಧಾನಕ್ಕಾದರೋ ಚಾಕುವೂ ಬೇಡ, ಹೊಲಿಗೆಯೂ ಬೇಡ. ಅದೇ ದಿನ ಮನೆ ಸೇರಬಹುದು. ಮೂರು ತಿಂಗಳು ನಿರೋಧ್ ಬಳಸಿ, ಬಳಿಕ ವೀರ್ಯ ಪರೀಕ್ಷೆ ಮಾಡಿಸಿದರಾಯಿತು. ಪುರುಷತ್ವ ಕುಂದುತ್ತದೆಂಬುದು ಶುದ್ಧ ಸುಳ್ಳು.

ಈ ಭಯಕ್ಕೊಂದು ಇತಿಹಾಸವಿದೆ, ನಿಜ. ತುರ್ತುಪರಿಸ್ಥಿತಿಯ 1976-77ರಲ್ಲಿ ದೇಶದ 60 ಲಕ್ಷಕ್ಕೂ ಹೆಚ್ಚು ಪುರುಷರಿಗೆ ಆಪರೇಷನ್ ಆಯಿತು; ಎಷ್ಟೋ ಕಡೆ ಬಲವಂತದಿಂದ. ಅಂದಿನಿಂದ ಅದರ ದಂಡ ತೆರುತ್ತಿರುವವರು ಮಾತ್ರ ಹೆಂಡಂದಿರು.

ಇನ್ನು ನಮ್ಮ ಸಮುದಾಯದ ಮಾತು. ಆಪರೇಷನ್ ದೀನಿಗೆ ವಿರುದ್ಧ ಎಂದು ಗಂಡ ಜಾರಿಕೊಳ್ಳುತ್ತಾನೆ. ಮೂರನೆಯ ಹೆರಿಗೆಯಾದ ಮೇಲೆ ಹೆಂಡತಿಯನ್ನು ಆಪರೇಷನ್ನಿಗೆ ಕರೆದೊಯ್ಯುವಾಗ ಆ ದೀನು ಎಲ್ಲಿ ಹೋಯಿತು? 1988ರ ಕುವೈತ್ ಅಧಿವೇಶನದಲ್ಲಿ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು, ಅನಿವಾರ್ಯತೆಯಿಲ್ಲದೆ ಸಂತಾನಶಕ್ತಿಯನ್ನು ಶಾಶ್ವತವಾಗಿ ಇಲ್ಲವಾಗಿಸುವುದನ್ನು ಗಂಡು-ಹೆಣ್ಣು ಇಬ್ಬರಿಗೂ ನಿಷೇಧಿಸಿತು. ಪರಸ್ಪರ ಸಮಾಲೋಚಿಸಿ ಹಾನಿಯಿಲ್ಲದ ತಾತ್ಕಾಲಿಕ ಕ್ರಮ ಅನುಸರಿಸಲು ಅವಕಾಶ ಕೊಟ್ಟಿತು. ಪ್ರವಾದಿ(ಸ)ರ ಕಾಲದಲ್ಲಿ ಅಝ್ಲ್ ರೂಢಿಯಲ್ಲಿತ್ತೆಂದು ಸಹಾಬಿ ಜಾಬಿರ್(ರ) ವರದಿ ಮಾಡಿದ್ದಾರೆ. ಅದು ಗಂಡಸು ತನ್ನನ್ನು ತಾನು ತಡೆದುಕೊಳ್ಳುವ ವಿಧಾನ. ಅದಕ್ಕೂ ಪತ್ನಿಯ ಒಪ್ಪಿಗೆ ಬೇಕೆಂದರು ಬಹುಪಾಲು ಫಿಕ್ಹ್ ವಿದ್ವಾಂಸರು. ನಮ್ಮಲ್ಲಿ ಆ ಒಪ್ಪಿಗೆ ಕೇಳುವವರೆಷ್ಟು ಮಂದಿ?

ತಾತ್ಕಾಲಿಕ ವಿಧಾನಗಳಿಗೇನೂ ಬರವಿಲ್ಲ. ಹತ್ತು ವರ್ಷದವರೆಗೆ ಇರಿಸಿಕೊಂಡು, ಬೇಡವೆಂದಾಗ ತೆಗೆಸಬಹುದಾದ ವಂಕಿ ಇದೆ. ಮೂರು ತಿಂಗಳಿಗೊಮ್ಮೆ ಅಂತರಾ ಚುಚ್ಚುಮದ್ದು, ಹಾರ್ಮೋನಿಲ್ಲದ ಛಾಯಾ ಮಾತ್ರೆ ಇವೆ. ಮುಟ್ಟಿನ ಏರುಪೇರು, ಹೆಚ್ಚು ರಕ್ತಸ್ರಾವದಂತಹ ತೊಂದರೆಗಳು ಕೆಲವರಿಗೆ ಉಂಟು. ಅವನ್ನು ಮೊದಲೇ ತಿಳಿಸಬೇಕು. ಆದರೆ ಇವೆಲ್ಲವೂ ಮತ್ತೆ ಹೆಣ್ಣಿನ ಮೈಗೇ. ನಿರೋಧ್ ಒಂದೇ ಗಂಡಸಿನ ಪಾಲಿನದು, ಲೈಂಗಿಕ ರೋಗಗಳಿಂದಲೂ ಕಾಯುವಂಥದ್ದು. ಅದನ್ನೂ ಮನೆಗೆ ತಂದುಕೊಡಬೇಕಾದವಳು ಆಶಾ ಕಾರ್ಯಕರ್ತೆಯೇ?

ಮೂರೂ ತಾಲೂಕುಗಳ ಮಸೀದಿ ಕಮಿಟಿಗಳು ಒಂದು ಜುಮಾದ ನಂತರ ತಾಲೂಕು ಆಸ್ಪತ್ರೆಯ ವೈದ್ಯರನ್ನು ಕರೆಸಲಿ. ಎದುರಿಗೆ ಗಂಡಸರಷ್ಟೇ ಕುಳಿತಿರಲಿ.