ಉದ್ಯೋಗದ ವೀಸಾ ಬೇರೆ, ನೆಲೆಯ ಹಕ್ಕು ಬೇರೆ

ಗೋವಿನಕೋವಿ ಹೋಬಳಿಯ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳೋಣ. ಎರಡು ಎಕರೆ ಅಡಿಕೆ ತೋಟ, ಒಂದಿಷ್ಟು ಭತ್ತದ ಗದ್ದೆ. ಹಿರಿಯ ಮಗಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ಎರಡು ವರ್ಷ ದುಡಿದಿದ್ದಾಳೆ. ಒಂದು ದಿನ ಏಜೆಂಟನೊಬ್ಬನ ಫೋನು ಬರುತ್ತದೆ: ವಿದೇಶದಲ್ಲಿ ಕೆಲಸ ಸಿದ್ಧವಿದೆ, ಹೋದ ಮೇಲೆ ಪಿ.ಆರ್. ಗ್ಯಾರಂಟಿ, ಹತ್ತು-ಹನ್ನೆರಡು ಲಕ್ಷ ಹೊಂದಿಸಿಕೊಳ್ಳಿ. ಆ ರಾತ್ರಿ ಊಟವಾದ ಮೇಲೆ ತಂದೆ ತೋಟದ ಪಹಣಿಯನ್ನು ಪೆಟ್ಟಿಗೆಯಿಂದ ಹೊರತೆಗೆಯುತ್ತಾರೆ. ತಾಯಿ ಮಾತನಾಡುವುದಿಲ್ಲ.

ಇದು ಕಲ್ಪನೆಯ ಮನೆ. ಆದರೆ ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರು ಸೀಮೆಯಲ್ಲಿ ಚದುರಿಕೊಂಡಿರುವ ನಮ್ಮ ಕಥೋಲಿಕ ಕುಟುಂಬಗಳಲ್ಲಿ ಈ ಮನೆಯ ಗುರುತು ಹತ್ತದವರು ವಿರಳ. ವಿದ್ಯೆ ಕಲಿತ ಮಕ್ಕಳು ಹೊರದೇಶಕ್ಕೆ ಹೊರಡುವುದನ್ನು ನಾವು ತಪ್ಪೆನ್ನುವುದಿಲ್ಲ. ಬೆವರು ಸುರಿಸಿ ಓದಿಸಿದ ತಂದೆತಾಯಿಗಳಿಗೆ ಮಕ್ಕಳ ಏಳಿಗೆಯನ್ನು ಕಾಣುವ ಹಕ್ಕಿದೆ. ನಮ್ಮ ಕಳಕಳಿ ಇಷ್ಟೇ: ಪಹಣಿ ಪೆಟ್ಟಿಗೆಯಿಂದ ಹೊರಬರುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಸಿಗಬೇಕು. ಮಗಳಿಗೆ ದೊರೆಯುತ್ತಿರುವುದು ಆ ದೇಶದಲ್ಲಿ ದುಡಿಯುವ ಅನುಮತಿಯೋ, ನೆಲೆಸುವ ಹಕ್ಕೋ?

ಈ ಎರಡರ ನಡುವಣ ಅಂತರವನ್ನು ನಮ್ಮ ಸಮಾಜ ಬಲು ದುಬಾರಿ ಬೆಲೆ ತೆತ್ತು ಕಲಿತಿದೆ. 1990ರ ಆಗಸ್ಟ್‌ನಲ್ಲಿ ಇರಾಕಿನ ಸೇನೆ ಕುವೈತಿಗೆ ನುಗ್ಗಿದಾಗ ಲಕ್ಷಕ್ಕೂ ಮಿಕ್ಕಿದ ಭಾರತೀಯರು ಕೈಗೆ ಸಿಕ್ಕಿದ ಚೀಲ ಹಿಡಿದು ಜೋರ್ಡನಿನ ಅಮ್ಮಾನ್ ತಲುಪಿ, ಅಲ್ಲಿಂದ ವಿಮಾನದಲ್ಲಿ ತಾಯ್ನಾಡಿಗೆ ಮರಳಬೇಕಾಯಿತು. ಮಂಗಳೂರು, ಉಡುಪಿ ಕಡೆಯ ಅನೇಕ ಕ್ರೈಸ್ತ ಕುಟುಂಬಗಳೂ ಅವರಲ್ಲಿದ್ದವು. ಎಷ್ಟೋ ವರ್ಷ ಅಲ್ಲಿ ದುಡಿದಿದ್ದರೂ ಅವರು ಆ ನೆಲಕ್ಕೆ ಬಾಡಿಗೆದಾರರೇ ಆಗಿದ್ದರು. ಕೊಲ್ಲಿ ದೇಶಗಳಲ್ಲಿ ಸಾಮಾನ್ಯ ನೌಕರನ ವಾಸದ ಪರವಾನಗಿ ಇಂದಿಗೂ ಅವನ ಉದ್ಯೋಗಕ್ಕೆ ಗಂಟುಬಿದ್ದದ್ದು. ಕೆಲಸ ಹೋದರೆ ವಾಸವೂ ಹೋಯಿತು. 2019ರಿಂದ ಸಂಯುಕ್ತ ಅರಬ್ ಸಂಸ್ಥಾನ ಕೊಡುತ್ತಿರುವ ‘ಗೋಲ್ಡನ್ ವೀಸಾ’ ಆಯ್ದ ಕೆಲವರಿಗೆ ಮಾತ್ರ, ಅದಕ್ಕೂ ಅವಧಿಯುಂಟು.

ಇನ್ನೂ ಹತ್ತಿರದ ನಿದರ್ಶನ ನಮ್ಮ ಜಿಲ್ಲೆಯಲ್ಲೇ ಇದೆ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಅಂತರ್ಯುದ್ಧ ಭುಗಿಲೆದ್ದಾಗ ಅಲ್ಲಿ ಸಿಕ್ಕಿಬಿದ್ದವರಲ್ಲಿ ಕರ್ನಾಟಕದ ಹಕ್ಕಿಪಿಕ್ಕಿ ಸಮುದಾಯದ 31 ಮಂದಿ ಇದ್ದರು. ಗಿಡಮೂಲಿಕೆ ಮತ್ತು ತೈಲದ ವ್ಯಾಪಾರಕ್ಕೆಂದು ಹೋಗಿದ್ದ ಆ ತಂಡದಲ್ಲಿ ನಮ್ಮ ಚನ್ನಗಿರಿ ಕಡೆಯವರೂ ಇದ್ದರು. ಭಾರತ ಸರ್ಕಾರ ‘ಆಪರೇಷನ್ ಕಾವೇರಿ’ಯ ಮೂಲಕ ಸುಡಾನಿನಲ್ಲಿದ್ದ ನಮ್ಮವರನ್ನು ಹೊರತಂದಿತು. ಕೈಯಲ್ಲಿ ವಿದ್ಯೆಯಿದ್ದ ಮಾತ್ರಕ್ಕೆ ಕಾಲಡಿಯ ನೆಲ ನಮ್ಮದಾಗದು ಎಂಬ ಪಾಠ ಅವರಿಗೂ ನಮಗೂ ಒಂದೇ.

ಹಾಗಾದರೆ ಶಾಶ್ವತ ನಿವಾಸದ ಹಕ್ಕು ಎಂದರೇನು? ಒಬ್ಬ ಮಾಲೀಕನ ಮರ್ಜಿಗೆ ಒಳಪಡದೆ ಆ ದೇಶದಲ್ಲಿ ಇರಲು, ಕೆಲಸ ಬದಲಿಸಲು, ಮಕ್ಕಳನ್ನು ಶಾಲೆಗೆ ಸೇರಿಸಲು ಕಾನೂನು ಕೊಡುವ ಅಭಯ ಅದು. ಅದು ಪೌರತ್ವವಲ್ಲ. ಪಡೆದವರು ಭಾರತದ ಪ್ರಜೆಗಳಾಗಿಯೇ ಉಳಿಯುತ್ತಾರೆ. ಕುಶಲ ಕೆಲಸಗಾರರಿಗೆ ಇದನ್ನು ಕೊಡುವ ದೇಶಗಳು ತಮ್ಮ ತಮ್ಮ ಅಳತೆಗೋಲನ್ನು ಬಹಿರಂಗವಾಗಿಯೇ ಇಟ್ಟಿವೆ.

ಕೆನಡಾ 1967ರಷ್ಟು ಹಿಂದೆಯೇ ಅಂಕಗಳ ಪದ್ಧತಿಯನ್ನು ತಂದಿತು. 2015ರ ಜನವರಿಯಿಂದ ‘ಎಕ್ಸ್‌ಪ್ರೆಸ್ ಎಂಟ್ರಿ’ ಎಂಬ ಹೆಸರಿನಲ್ಲಿ ವಯಸ್ಸು, ವಿದ್ಯಾರ್ಹತೆ, ಭಾಷೆ, ಅನುಭವಗಳನ್ನು ತೂಗಿ ಅಭ್ಯರ್ಥಿಗಳನ್ನು ಆರಿಸುತ್ತಿದೆ. ವಯಸ್ಸಿಗೆ ಪೂರ್ಣ ಅಂಕ ಸಿಗುವುದು ಇಪ್ಪತ್ತರಿಂದ ಇಪ್ಪತ್ತೊಂಬತ್ತರವರೆಗೆ. ಮೂವತ್ತಾದೊಡನೆ ಅಂಕ ಇಳಿಯತೊಡಗುತ್ತದೆ. ಆಸ್ಟ್ರೇಲಿಯದಲ್ಲಿ ಕನಿಷ್ಠ 65 ಅಂಕ ಬೇಕು, ಸಾಮಾನ್ಯವಾಗಿ ವಯಸ್ಸು 45 ಮೀರಿರಬಾರದು, ವೃತ್ತಿಯ ಅರ್ಹತೆಯನ್ನು ನಿಯೋಜಿತ ಸಂಸ್ಥೆ ಪರೀಕ್ಷಿಸಿರಬೇಕು. ಅಲ್ಲಿನ ಒಳನಾಡಿನಲ್ಲಿ ನೆಲೆಸಲೊಪ್ಪುವವರಿಗೆ ಐದು ವರ್ಷಗಳ ವೀಸಾ ಒಂದಿದ್ದು, ನಿಯಮದಂತೆ ಮೂರು ವರ್ಷ ಕಳೆದವರು ಶಾಶ್ವತ ನಿವಾಸಕ್ಕೆ ಅರ್ಜಿ ಹಾಕಬಹುದು. ಜರ್ಮನಿ 2020ರ ಮಾರ್ಚ್‌ನಲ್ಲಿ ಕುಶಲ ಕೆಲಸಗಾರರ ವಲಸೆ ಕಾಯ್ದೆಯನ್ನು ಜಾರಿಗೆ ತಂದು, 2023ರಲ್ಲಿ ಅದನ್ನು ಇನ್ನಷ್ಟು ಸಡಿಲಿಸಿತು. ಅಲ್ಲಿ ಮೂರು ವರ್ಷ ಅರ್ಹ ಉದ್ಯೋಗ ಮಾಡಿ, ಪಿಂಚಣಿ ವಂತಿಗೆ ಕಟ್ಟಿ, ಜರ್ಮನ್ ಭಾಷೆಯನ್ನು ಬಳಕೆಯ ಮಟ್ಟಕ್ಕೆ ಕಲಿತವರಿಗೆ ನೆಲೆಯ ಪರವಾನಗಿಯ ಬಾಗಿಲು ತೆರೆಯುತ್ತದೆ.

ಆದರೆ ತೆರೆದ ಬಾಗಿಲು ತೆರೆದೇ ಇರುತ್ತದೆಂಬ ಭರವಸೆಯಿಲ್ಲ. ಬ್ರಿಟನ್ 2020ರಲ್ಲಿ ಆರೋಗ್ಯ ಸೇವೆಯ ನೌಕರರಿಗೆ ಪ್ರತ್ಯೇಕ ವೀಸಾ ಆರಂಭಿಸಿ, ಐದು ವರ್ಷಗಳ ಬಳಿಕ ನೆಲೆಸುವ ಅವಕಾಶ ಕೊಟ್ಟಿತು. 2025ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರ ಆ ಅವಧಿಯನ್ನು ಸಾಮಾನ್ಯವಾಗಿ ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾಪ ಮುಂದಿಟ್ಟಿತು. ಜುಲೈ ತಿಂಗಳಲ್ಲಿ ವೃದ್ಧರ ಆರೈಕೆಯ ಕೆಲಸಕ್ಕೆ ಹೊರದೇಶಗಳಿಂದ ಹೊಸದಾಗಿ ನೇಮಿಸಿಕೊಳ್ಳುವುದನ್ನೇ ನಿಲ್ಲಿಸಿತು. ಅದೇ ವರ್ಷದ ಮಾರ್ಚ್‌ನಲ್ಲಿ ಕೆನಡಾ ಕೂಡ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಉದ್ಯೋಗದ ಕರೆಪತ್ರಕ್ಕೆ ಕೊಡುತ್ತಿದ್ದ ಹೆಚ್ಚುವರಿ ಅಂಕವನ್ನು ತೆಗೆದುಹಾಕಿತು. ಆ ಅಂಕದ ಆಸೆಗೆ ಕರೆಪತ್ರವನ್ನು ಹಣ ಕೊಟ್ಟು ಕೊಂಡವರ ಕೈಯಲ್ಲಿ ಉಳಿದದ್ದು ಕಾಗದ ಮಾತ್ರ. ನಿಯಮ ಬರೆಯುವ ಸರ್ಕಾರಕ್ಕೇ ನಾಳೆಯ ಮಾತು ಕೊಡಲಾಗದಿರುವಾಗ ‘ಗ್ಯಾರಂಟಿ’ ಎನ್ನುವ ಏಜೆಂಟನ ಮಾತಿಗೆ ಏನು ಬೆಲೆ?

ಮೇಲಿನ ಅಳತೆಗೋಲುಗಳನ್ನು ಮತ್ತೊಮ್ಮೆ ಗಮನಿಸಿರಿ. ವಯಸ್ಸು, ವಿದ್ಯೆ, ಭಾಷೆ, ಅನುಭವ. ಇವುಗಳಲ್ಲಿ ಯಾವುದನ್ನೂ ಏಜೆಂಟನು ಮಾರಲಾರ, ನಾವು ಕೊಳ್ಳಲಾರೆವು. ನರ್ಸಿಂಗ್ ಕಲಿತ ಮಗಳು ಮಾಡಬೇಕಾದ ಮೊದಲ ಕೆಲಸಗಳೆಲ್ಲ ಅವಳ ಕೈಯಲ್ಲೇ ಇವೆ: ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿಯನ್ನು ಚಾಲ್ತಿಯಲ್ಲಿಡುವುದು, ವಿಶ್ವವಿದ್ಯಾನಿಲಯದಿಂದ ಅಂಕಪಟ್ಟಿ ಮತ್ತು ಪಠ್ಯವಿವರದ ದೃಢೀಕೃತ ಪ್ರತಿಗಳನ್ನು ತರಿಸುವುದು, ದುಡಿದ ಆಸ್ಪತ್ರೆಯಿಂದ ಅನುಭವ ಪತ್ರ ಪಡೆಯುವುದು, ಪಾಸ್‌ಪೋರ್ಟು, ಜನನ ಪ್ರಮಾಣಪತ್ರ ಹಾಗೂ ಶಾಲಾ ದಾಖಲೆಗಳಲ್ಲಿ ಹೆಸರು ಒಂದೇ ರೀತಿ ಇರುವಂತೆ ನೋಡಿಕೊಳ್ಳುವುದು, ಎಲ್ಲಕ್ಕಿಂತ ಮಿಗಿಲಾಗಿ ಭಾಷೆಯ ಪರೀಕ್ಷೆಗೆ ಒಂದು ವರ್ಷ ಶ್ರದ್ಧೆಯಿಂದ ಓದುವುದು. ಇದಕ್ಕೆಲ್ಲ ಹಣ ಬೇಕು, ನಿಜ. ಆದರೆ ತೋಟ ಮಾರುವಷ್ಟು ಬೇಡ.

ನಮ್ಮ ದೇಶದ ಕಾನೂನೂ ಒಂದು ಆಸರೆಯನ್ನು ಕೊಟ್ಟಿದೆ. 1983ರ ವಲಸೆ ಕಾಯ್ದೆಯಡಿ ಹೊರದೇಶದ ಕೆಲಸಕ್ಕೆ ಜನರನ್ನು ನೇಮಿಸುವ ಏಜೆಂಟ್ ಸರ್ಕಾರದಲ್ಲಿ ನೋಂದಾಯಿಸಿಕೊಂಡಿರಬೇಕು. ಆತ ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕಕ್ಕೆ ನಿಯಮ ಹಾಕಿದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ನೋಂದಾಯಿತರ ಪಟ್ಟಿ ಕೇಂದ್ರ ಸರ್ಕಾರದ ‘ಇ-ಮೈಗ್ರೇಟ್’ ತಾಣದಲ್ಲಿದೆ. ನಮ್ಮ ರಾಜ್ಯದ ಕೌಶಲ್ಯಾಭಿವೃದ್ಧಿ ನಿಗಮವೂ ಅಂತರರಾಷ್ಟ್ರೀಯ ವಲಸೆ ಕೇಂದ್ರವನ್ನು ನಡೆಸುತ್ತಿದೆ. ಹತ್ತು ಲಕ್ಷ ಕೇಳುವವನ ಮುಂದೆ ಈ ಒಂದು ಮಿತಿಯನ್ನು ಹೇಳಿ ನೋಡಿರಿ. ಅವನ ಮುಖವೇ ಅವನ ಯೋಗ್ಯತೆಯನ್ನು ಹೇಳೀತು.

ಇನ್ನು, ಯಾರೂ ಎತ್ತಲು ಬಯಸದ ಪ್ರಶ್ನೆ. ಹೋಗುವವರೊಡನೆ ಯಾರು ಹೋಗಬಹುದು? ಶಾಶ್ವತ ನಿವಾಸದ ಅರ್ಜಿಯಲ್ಲಿ ಗಂಡ ಅಥವಾ ಹೆಂಡತಿ ಮತ್ತು ಅವಲಂಬಿತ ಮಕ್ಕಳಿಗೆ ಸ್ಥಾನವುಂಟು. ತಂದೆತಾಯಿಗಳಿಗೆ ಸಾಮಾನ್ಯವಾಗಿ ಇಲ್ಲ. ಆಸ್ಟ್ರೇಲಿಯದಲ್ಲಿ ದೊಡ್ಡ ಮೊತ್ತ ಕಟ್ಟಲಾರದ ತಂದೆತಾಯಿಗಳ ವೀಸಾ ಸರದಿ ಸುಮಾರು ಮೂವತ್ತು ವರ್ಷಗಳಷ್ಟು ಉದ್ದವಿದೆ. ಅರವತ್ತರ ತಾಯಿಗೆ ಅಂಥ ಸರದಿಯಿಂದ ಏನು ಪ್ರಯೋಜನ? ಮಕ್ಕಳ ‘ಶಾಶ್ವತ’ ಎಂಬ ಪದ ಹೆತ್ತವರ ಪಾಲಿಗೆ ಶಾಶ್ವತ ಅಗಲಿಕೆಯಾಗಬಾರದೆಂದಿದ್ದರೆ, ಅವರ ಔಷಧೋಪಚಾರ ಯಾರ ಹೊಣೆ, ಎಷ್ಟು ವರ್ಷಕ್ಕೊಮ್ಮೆ ಊರಿಗೆ ಬರುವುದು, ಊರಲ್ಲಿ ಉಳಿದ ತಮ್ಮನ ಮೇಲೆ ಎಷ್ಟು ಭಾರ ಹೊರಿಸುವುದು ಎಂಬ ಮಾತುಗಳು ವಿಮಾನ ಹತ್ತುವ ಮುಂಚೆಯೇ ಆಗಬೇಕು.

ಭೂಮಿಯ ಮಾತೂ ಹಾಗೆಯೇ. ಅನಿವಾಸಿ ಭಾರತೀಯರಾದವರು ಇಲ್ಲಿ ಮನೆ, ನಿವೇಶನ ಕೊಳ್ಳಬಹುದು. ಕೃಷಿ ಭೂಮಿ, ತೋಟ ಕೊಳ್ಳುವಂತಿಲ್ಲ. ಮುಂದೆ ಹೊರದೇಶದ ಪೌರತ್ವ ಪಡೆದರೆ ಭಾರತದ ಪೌರತ್ವ ತಾನಾಗಿಯೇ ಕಳೆಯುತ್ತದೆ. 2005ರಿಂದ ಕೊಡಲಾಗುತ್ತಿರುವ ಸಾಗರೋತ್ತರ ಪ್ರಜೆಯ ಗುರುತುಚೀಟಿ ಇದ್ದರೂ ಈ ನಿರ್ಬಂಧ ಸಡಿಲವಾಗದು. ಪಿತ್ರಾರ್ಜಿತವಾಗಿ ಬರುವ ಭೂಮಿಗೆ ಮಾತ್ರ ಅಡ್ಡಿಯಿಲ್ಲ. ಇದರ ಅರ್ಥವೇನು? ಮಗಳನ್ನು ಕಳುಹಿಸಲು ಇಂದು ಮಾರಿದ ತೋಟವನ್ನು, ನಾಳೆ ಅವಳೆಷ್ಟೇ ಗಳಿಸಿದರೂ, ಅಲ್ಲಿಂದ ತನ್ನ ಹೆಸರಿಗೆ ಮರಳಿ ಕೊಳ್ಳಲಾರಳು. ಮಾರದೆ ಉಳಿಸಿದ ತೋಟವಾದರೋ ಅವಳ ಪಾಲಿಗೆ ಬಂದೇ ಬರುತ್ತದೆ.

ಶಾಶ್ವತ ಎಂಬುದಕ್ಕೂ ಷರತ್ತುಗಳಿವೆ. ಕೆನಡಾದ ಶಾಶ್ವತ ನಿವಾಸಿ ಪ್ರತಿ ಐದು ವರ್ಷಗಳಲ್ಲಿ ಸಾಮಾನ್ಯವಾಗಿ 730 ದಿನ ಆ ದೇಶದಲ್ಲಿದ್ದಿರಬೇಕು. ತಾಯಿಯ ಕಾಯಿಲೆಗೆಂದು ಊರಿಗೆ ಬಂದು ಕುಳಿತವರು ಈ ಲೆಕ್ಕವನ್ನು ಮರೆತರೆ, ವರ್ಷಗಟ್ಟಲೆ ಬೆವರು ಸುರಿಸಿ ಗಳಿಸಿದ ಹಕ್ಕು ಕೈತಪ್ಪಬಹುದು.

ಬಡಗಿ ಜೋಸೆಫರು ಮರಿಯಮ್ಮನವರನ್ನೂ ಹಸುಗೂಸನ್ನೂ ಕರೆದುಕೊಂಡು ರಾತ್ರೋರಾತ್ರಿ ಈಜಿಪ್ಟಿಗೆ ಹೊರಟ ಕಥೆ ನಮಗೆ ಬಾಲ್ಯದಿಂದ ಗೊತ್ತು. ಜಗದ್ಗುರು ಹನ್ನೆರಡನೆಯ ಭಕ್ತಿನಾಥರು 1952ರಲ್ಲಿ ವಲಸೆಯ ಕುರಿತು ಹೊರಡಿಸಿದ ಶಾಸನಪತ್ರದಲ್ಲಿ ಆ ಪವಿತ್ರ ಕುಟುಂಬವನ್ನೇ ವಲಸಿಗ ಕುಟುಂಬಗಳೆಲ್ಲಕ್ಕೂ ಮಾದರಿಯಾಗಿ ತೋರಿದರು. ಅಲ್ಲಿ ನಾವು ಗಮನಿಸಬೇಕಾದುದು ಒಂದುಂಟು: ಕುಟುಂಬ ಒಡೆಯದೆ ಹೋಯಿತು, ಒಡೆಯದೆ ಮರಳಿತು. ನಮ್ಮ ಮನೆಗಳಿಗೆ ಅಷ್ಟು ಭಾಗ್ಯವಿಲ್ಲದಿರಬಹುದು. ಆದರೂ ನಿರ್ಧಾರವನ್ನಾದರೂ ಎಲ್ಲರೂ ಕೂಡಿ ಕೈಗೊಳ್ಳಬಹುದಲ್ಲವೇ?

ಇಲ್ಲಿ ಧರ್ಮಕೇಂದ್ರಗಳಿಗೂ ಕರ್ತವ್ಯವಿದೆ. ವರ್ಷಕ್ಕೊಮ್ಮೆ ಬರುವ ವಲಸಿಗರ ವಿಶ್ವ ದಿನದಂದು ಪ್ರಾರ್ಥನೆಯ ಜೊತೆಗೆ ಒಂದು ಮಾಹಿತಿ ಶಿಬಿರವನ್ನೂ ಏಕೆ ಏರ್ಪಡಿಸಬಾರದು? ಈಗಾಗಲೇ ಹೊರದೇಶದಲ್ಲಿ ನೆಲೆಸಿ ರಜೆಗೆ ಬಂದಿರುವ ನಮ್ಮ ಮಕ್ಕಳು ಬಲಿಪೂಜೆಯ ಬಳಿಕ ಒಂದು ಗಂಟೆ ಕುಳಿತು ತಮ್ಮ ಅನುಭವವನ್ನು, ಸೋಲನ್ನೂ ಸೇರಿಸಿ, ಹೇಳಲಿ. ಕಾನೂನು ಬಲ್ಲವರು ಕಾಗದಪತ್ರಗಳನ್ನು ಓದಿ ನೋಡಲಿ. ಇಂಗ್ಲಿಷ್ ಬಲ್ಲ ನಿವೃತ್ತ ಶಿಕ್ಷಕರು ಸಂಜೆ ಪಾಠ ಹೇಳಲಿ. ಒಂದು ಮನೆಯ ತೋಟ ಉಳಿದರೂ ಆ ಶ್ರಮ ಸಾರ್ಥಕ.

ಓದುಗ ಬಾಂಧವರೇ, ನಿಮ್ಮ ಮನೆಗೂ ಅಂಥ ಫೋನು ಬಂದರೆ ಮೂರು ಮಾತು ಕೇಳಿರಿ. ಈ ವೀಸಾದ ಹೆಸರೇನು? ಅದು ನೆಲೆಯ ಹಕ್ಕಿಗೆ ಎಷ್ಟು ವರ್ಷದಲ್ಲಿ, ಯಾವ ನಿಯಮದಂತೆ ಒಯ್ಯುತ್ತದೆ? ನಿಮ್ಮ ನೋಂದಣಿ ಸಂಖ್ಯೆ ಯಾವುದು? ಮೂರಕ್ಕೂ ಬರವಣಿಗೆಯಲ್ಲಿ ಉತ್ತರ ಬರುವವರೆಗೆ ಪಹಣಿ ಪೆಟ್ಟಿಗೆಯಲ್ಲೇ ಇರಲಿ.