ಕಿವಿಗೆ ಎಷ್ಟು, ಪೆಟ್ಟಿಗೆಗೆ ಎಷ್ಟು?

ಕಳೆದ ವಾರ ರಾಯಚೂರಿನ ಹುಡುಗನೊಬ್ಬ ಫೋನ್ ಮಾಡಿದ್ದ. ನಮ್ಮ ಕಚೇರಿಗೆ ಸೇರಿ ಆರು ತಿಂಗಳಾಗಿದೆ. ಪುಣೆಯ ಹಿಂಜವಡಿಯಲ್ಲಿ ಮೂವರು ಸೇರಿ ಒಂದು ಕೋಣೆ ಹಿಡಿದಿದ್ದಾರೆ.

‘ಅಣ್ಣಾ, ಹದಿನೈದು ಸಾವಿರ ಕೂಡಿಸೀನಿ. ಪಾಟು ಕೇಳ್ಲಿಕ್ಕೆ ಚಲೋ ಸೆಟ್ ತಗೋಬೇಕಂತ ಮಾಡೀನಿ. ಆಂಪ್ಲಿಫೈಯರ್‌ಗೆ ಎಂಟು, ಹೆಡ್‌ಫೋನ್‌ಗೆ ಏಳು ಇಟ್ರ ಬರೋಬ್ಬರಿ ಆಗ್ತದಲ್ಲ?’

‘ಹಂಗಂತ ಯಾರು ಹೇಳಿದ್ರೋ?’

‘ಗೆಳೆಯರು. ಆಂಪ್ ಇಲ್ದ ಹೆಡ್‌ಫೋನ್ ಅಂದ್ರ ಪೆಟ್ರೋಲ್ ಇಲ್ದ ಗಾಡಿ ಅಂತ.’

ನಕ್ಕುಬಿಟ್ಟೆ. ನಕ್ಕದ್ದು ಅವನನ್ನು ನೋಡಿ ಅಲ್ಲ, ನನ್ನನ್ನೇ ನೆನೆದು. 2016ರಲ್ಲಿ, ಎಂ.ಟೆಕ್ ಮುಗಿಸಿ ಪುಣೆಗೆ ಬಂದ ಹೊಸತರಲ್ಲಿ, ಇಷ್ಟೇ ದುಡ್ಡನ್ನು ಹಿಡಿದು ಇದೇ ತಪ್ಪು ಮಾಡಿದ್ದೆ. ಶಿಕ್ಷಣ ಸಾಲದ ಕಂತು, ಬಾಡಿಗೆ, ಊರಿಗೆ ಕಳಿಸುವ ಹಣ ಎಲ್ಲ ಕಳೆದು ಎಂಟು ತಿಂಗಳಲ್ಲಿ ಉಳಿಸಿದ ಹದಿನೈದು ಸಾವಿರ ಅದು. ಒಂಬತ್ತು ಸಾವಿರಕ್ಕೆ ಆಂಪ್ಲಿಫೈಯರ್ ಕೊಂಡೆ, ಐದೂವರೆ ಸಾವಿರಕ್ಕೆ ಹೆಡ್‌ಫೋನ್. ಮೇಜಿನ ಮೇಲೆ ಕಪ್ಪು ಪೆಟ್ಟಿಗೆ, ಅದರಲ್ಲೊಂದು ನೀಲಿ ದೀಪ, ಭಾರವಾದ ಗುಂಡಿ. ನೋಡಲು ಚೆಂದವಿತ್ತು. ಭೀಮಸೇನ ಜೋಶಿಯವರ ಹಾಡಿಕೆ ಹಾಕಿ ಕೂತೆ. ಮೊದಲಿಗಿಂತ ಜೋರಾಗಿ ಕೇಳಿಸಿತು. ಜೋರಾಗಿ ಕೇಳಿಸಿತು, ಅಷ್ಟೇ.

ಮನೆಯಿಂದ ದೂರ ಬಂದು ದುಡಿಯುವ ನಮ್ಮಂಥವರಿಗೆ ಹೆಡ್‌ಫೋನ್ ಬರೀ ಶೋಕಿಯ ವಸ್ತುವಲ್ಲ. ಧಾರವಾಡದ ನಮ್ಮ ಮನೆಯಲ್ಲಿ ಅಪ್ಪ ರೇಡಿಯೊ ಹಚ್ಚಿದರೆ ಅಡುಗೆಮನೆಯಿಂದ ಹಿತ್ತಲಿನವರೆಗೆ ಎಲ್ಲರಿಗೂ ಕೇಳುತ್ತಿತ್ತು. ಇಲ್ಲಿ ಹಾಗಲ್ಲ. ಒಬ್ಬನದು ರಾತ್ರಿ ಪಾಳಿ, ಇನ್ನೊಬ್ಬನಿಗೆ ಅಮೆರಿಕದವರ ಜತೆ ಮೀಟಿಂಗ್, ಗೋಡೆಯ ಆಚೆ ಮಲಗಿರುವ ಮಗು. ಸ್ಪೀಕರ್ ಇಡಲು ಜಾಗವಿಲ್ಲ, ಇಟ್ಟರೂ ಹಚ್ಚುವಂತಿಲ್ಲ. ದಿನದ ಕೊನೆಯಲ್ಲಿ ಒಂದು ಗಂಟೆ ಕಿವಿಗೆ ಹಾಕಿಕೊಂಡು ಕೂರುವುದೇ ನಮಗೆ ಸಿಗುವ ಸ್ವಂತ ಕೋಣೆ. ಅದಕ್ಕೆ ಹಾಕುವ ದುಡ್ಡು ಸರಿಯಾದ ಕಡೆ ಹೋಗಬೇಕು ಎನ್ನುವುದು ಅದಕ್ಕೇ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಬಜೆಟ್ ಇಪ್ಪತ್ತು ಸಾವಿರದ ಒಳಗಿದ್ದರೆ ಹಣವೆಲ್ಲ ಹೆಡ್‌ಫೋನ್‌ಗೇ ಹೋಗಲಿ. ಆಂಪ್ಲಿಫೈಯರ್‌ಗೆ ಲೆಕ್ಕ ಬೇಡಿದಷ್ಟೇ ಕೊಡಿ. ಬಹಳಷ್ಟು ಸಲ ಆ ಲೆಕ್ಕ ಸಾವಿರ ರೂಪಾಯಿಯ ಆಸುಪಾಸಿನ ಒಂದು ಡಾಂಗಲ್‌ಗೆ ಮುಗಿಯುತ್ತದೆ.

ಕಾರಣ ಸರಳ. ಸಾಫ್ಟ್‌ವೇರ್‌ನಲ್ಲಿ ದುಡಿಯುವವರಿಗೆ ಬೇಗ ಹೊಳೆಯುತ್ತದೆ. ಪ್ರೋಗ್ರಾಂ ನಿಧಾನವಾಗಿದ್ದರೆ ನಾವು ಮೊದಲು ಸಮಯ ಎಲ್ಲಿ ಹೋಗುತ್ತಿದೆ ಎಂದು ಅಳೆಯುತ್ತೇವೆ. ಡೇಟಾಬೇಸ್‌ನಲ್ಲಿ ಹತ್ತು ಸೆಕೆಂಡ್ ಸೋರುತ್ತಿರುವಾಗ ಒಂದು ಸಣ್ಣ ಲೂಪ್ ತಿದ್ದಿ ಕಾಲು ಸೆಕೆಂಡ್ ಉಳಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಧ್ವನಿಯಲ್ಲೂ ಹಾಗೆಯೇ, ತಪ್ಪು ಎಲ್ಲಿ ಹೆಚ್ಚಿದೆಯೋ ಅಲ್ಲಿ ದುಡ್ಡು ಹಾಕಬೇಕು. ಮನುಷ್ಯನ ಕಿವಿಗೆ ಕೇಳುವ 20 ಹರ್ಟ್ಸ್‌ನಿಂದ 20,000 ಹರ್ಟ್ಸ್‌ವರೆಗಿನ ಸ್ವರಗಳನ್ನು ಒಂದು ಸಾಧಾರಣ ಆಂಪ್ಲಿಫೈಯರ್ ಕೂಡ 1 ಡೆಸಿಬೆಲ್‌ನಷ್ಟೂ ಹೆಚ್ಚುಕಡಿಮೆ ಮಾಡದೆ ದಾಟಿಸುತ್ತದೆ. ಹೆಡ್‌ಫೋನ್ ಹಾಗಲ್ಲ. ಅದು ವಿದ್ಯುತ್ತನ್ನು ಗಾಳಿಯ ಅಲುಗಾಟವಾಗಿ ಬದಲಿಸುವ ಯಂತ್ರ. ಒಂದು ಹೆಡ್‌ಫೋನ್‌ಗೂ ಇನ್ನೊಂದಕ್ಕೂ ಕೆಲವು ಸ್ವರಗಳಲ್ಲಿ 5ರಿಂದ 10 ಡೆಸಿಬೆಲ್ ವ್ಯತ್ಯಾಸ ಮಾಮೂಲು. 10 ಡೆಸಿಬೆಲ್ ಎಂದರೆ ಕಿವಿಗೆ ಹೆಚ್ಚುಕಡಿಮೆ ಎರಡು ಪಟ್ಟು ಜೋರು.

ನನಗೆ ಇದು ತಿಳಿದದ್ದು ಪುಸ್ತಕದಿಂದಲ್ಲ. ದೀಪಾವಳಿಗೆ ಊರಿಗೆ ಹೊರಟ ಹಿರಿಯ ಸಹೋದ್ಯೋಗಿಯೊಬ್ಬರು ತಮ್ಮ ಹೆಡ್‌ಫೋನನ್ನು ನನ್ನ ಹತ್ತಿರ ಬಿಟ್ಟುಹೋದರು. ಅದನ್ನು ಆಂಪ್ಲಿಫೈಯರ್‌ಗೆ ಚುಚ್ಚದೆ ಸುಮ್ಮನೆ ಮೊಬೈಲ್‌ಗೇ ಸಿಕ್ಕಿಸಿ ಅದೇ ಹಾಡಿಕೆ ಹಾಕಿದೆ. ಆರು ತಿಂಗಳಿಂದ ಕೇಳುತ್ತಿದ್ದ ಧ್ವನಿಮುದ್ರಣದಲ್ಲಿ ಎರಡು ತಂಬೂರಿಗಳಿವೆ ಎಂದು ಅವತ್ತೇ ಗೊತ್ತಾದದ್ದು. ತಂಬೂರಿಯ ಜವಾರಿ, ಅಂದರೆ ತಂತಿಯ ಆ ಝೇಂಕಾರ, ಸ್ಪಷ್ಟವಾಗಿ ಕೇಳುತ್ತಿತ್ತು. ನನ್ನ ಹೆಡ್‌ಫೋನ್‌ನಲ್ಲಿ ತಬಲಾದ ಡಗ್ಗಾ ಉಬ್ಬಿ ಬಂದು ಅದೆಲ್ಲವನ್ನೂ ಮುಚ್ಚಿಹಾಕುತ್ತಿತ್ತು. ಒಂಬತ್ತು ಸಾವಿರದ ಪೆಟ್ಟಿಗೆ ಮಾಡುತ್ತಿದ್ದದ್ದು ಇಷ್ಟೇ: ಆ ಉಬ್ಬಿದ ಡಗ್ಗಾವನ್ನು ಇನ್ನಷ್ಟು ಜೋರಾಗಿ ಕೇಳಿಸುವುದು.

ಆಮೇಲೆ ಒಂದು ಭಾನುವಾರ ಪರೀಕ್ಷೆಯನ್ನೂ ಮಾಡಿದೆ. ಹೆಡ್‌ಫೋನ್ ಒಂದೇ. ಒಮ್ಮೆ ಆಂಪ್ಲಿಫೈಯರ್, ಒಮ್ಮೆ ಡಾಂಗಲ್. 100 ಹರ್ಟ್ಸ್ ಸ್ವರ ಹಚ್ಚಿ, ಮಲ್ಟಿಮೀಟರ್‌ನಿಂದ ಅಳೆದು ಎರಡರ ವೋಲ್ಟೇಜನ್ನೂ ಸಮ ಮಾಡಿದೆ. ಈ ಹೆಜ್ಜೆ ಬಿಡಬಾರದು. ಸ್ವಲ್ಪವೇ ಜೋರಾಗಿರುವುದು ನಮ್ಮ ಕಿವಿಗೆ ‘ಚೆನ್ನಾಗಿದೆ’ ಎಂದು ಕೇಳುತ್ತದೆ. ಅಂಗಡಿಯಲ್ಲಿ ಆಂಪ್ಲಿಫೈಯರ್‌ಗೆ ನಾವು ಮನಸೋಲುವುದು ಬಹುತೇಕ ಇದರಿಂದಲೇ. ಕಣ್ಣಿಗೆ ಟವೆಲ್ ಕಟ್ಟಿಕೊಂಡು ಕೂತೆ, ನನ್ನ ಮರಾಠಿ ರೂಮ್‌ಮೇಟ್ ನಾಣ್ಯ ಚಿಮ್ಮಿ ಬದಲಾಯಿಸುತ್ತ ಹೋದ. 16 ಸಲದಲ್ಲಿ 9 ಸಲ ಸರಿ ಹೇಳಿದೆ. ನಾಣ್ಯವನ್ನೇ ಕೇಳಿದ್ದರೂ ಹೆಚ್ಚುಕಡಿಮೆ ಅಷ್ಟೇ ಹೇಳುತ್ತಿತ್ತು.

ಇದು ನನ್ನೊಬ್ಬನ ಕಿವಿಯ ದೋಷ ಎನ್ನಬಹುದು. ಆದರೆ 1987ರಲ್ಲೇ ಅಮೆರಿಕದ ‘ಸ್ಟೀರಿಯೊ ರಿವ್ಯೂ’ ಪತ್ರಿಕೆ ಸ್ಪೀಕರ್ ಆಂಪ್ಲಿಫೈಯರ್‌ಗಳನ್ನು ಇಟ್ಟುಕೊಂಡು ಇಂಥದೇ ಕುರುಡು ಪರೀಕ್ಷೆ ಮಾಡಿತ್ತು. ಕೆಲವು ನೂರು ಡಾಲರ್‌ನದಕ್ಕೂ ಹಲವು ಸಾವಿರ ಡಾಲರ್‌ನದಕ್ಕೂ ಇರುವ ವ್ಯತ್ಯಾಸವನ್ನು ಕೇಳುಗರು ನಂಬಿಕೆಯಿಂದ ಗುರುತಿಸಲಾಗಲಿಲ್ಲ. ತನ್ನ ಶಕ್ತಿಯ ಮಿತಿಯೊಳಗೆ ಕೆಲಸ ಮಾಡುತ್ತಿರುವ ಒಳ್ಳೆಯ ಆಂಪ್ಲಿಫೈಯರ್‌ಗಳ ನಡುವೆ ಅಂತರ ಅಷ್ಟು ಸಣ್ಣದು.

‘ಮಿತಿಯೊಳಗೆ’ ಎಂಬ ಮಾತು ಮುಖ್ಯ. ಆಂಪ್ಲಿಫೈಯರ್ ನಿಜಕ್ಕೂ ಬೇಕಾಗುವ ಸಂದರ್ಭಗಳಿವೆ. ಅದನ್ನು ತಿಳಿಯಲು ಗೆಳೆಯರ ಮಾತು ಬೇಡ, ಡಬ್ಬಿಯ ಮೇಲಿನ ಎರಡು ಸಂಖ್ಯೆ ಸಾಕು: ಇಂಪೀಡೆನ್ಸ್ ಮತ್ತು ಸೆನ್ಸಿಟಿವಿಟಿ.

ಒಂದು ಹೆಡ್‌ಫೋನ್ 32 ಓಮ್, 1 ಮಿಲಿವಾಟ್‌ಗೆ 100 ಡೆಸಿಬೆಲ್ ಎಂದಿಟ್ಟುಕೊಳ್ಳಿ. ಸಂಗೀತದ ಅತಿ ಜೋರಿನ ಕ್ಷಣಕ್ಕೆ 110 ಡೆಸಿಬೆಲ್ ಬೇಕು ಎಂದರೆ ಹತ್ತು ಪಟ್ಟು ಶಕ್ತಿ, ಅಂದರೆ 10 ಮಿಲಿವಾಟ್. ಪಿಯುಸಿಯಲ್ಲಿ ಓದಿದ ಸೂತ್ರವನ್ನೇ ಹಾಕಿದರೆ ಸುಮಾರು 0.57 ವೋಲ್ಟ್ ಬರುತ್ತದೆ. ಈಗಿನ ಹಲವು ಡಾಂಗಲ್‌ಗಳು 1 ವೋಲ್ಟ್ ಆಸುಪಾಸು ಕೊಡುತ್ತವೆ. ಇಲ್ಲಿ ಪ್ರತ್ಯೇಕ ಆಂಪ್ಲಿಫೈಯರ್‌ಗೆ ಕೆಲಸವೇ ಇಲ್ಲ.

ಈಗ ಹೆಸರುವಾಸಿಯಾದ ಸೆನ್ಹೈಸರ್ ಎಚ್‌ಡಿ 600 ನೋಡಿ. 300 ಓಮ್, 1 ವೋಲ್ಟ್‌ಗೆ 97 ಡೆಸಿಬೆಲ್. 110 ಮುಟ್ಟಲು ಸುಮಾರು 4.5 ವೋಲ್ಟ್ ಬೇಕು. ಡಾಂಗಲ್‌ಗೆ ಅದು ಆಗದು. ಆದರೆ ರಾತ್ರಿ ಹತ್ತರ ಮೇಲೆ ಮೆಲ್ಲಗೆ ಕೇಳುವವರಿಗೆ, ಜೋರಿನ ಕ್ಷಣಕ್ಕೆ 90 ಡೆಸಿಬೆಲ್ ಸಾಕು ಎನ್ನುವವರಿಗೆ, ಅರ್ಧ ವೋಲ್ಟ್‌ಗಿಂತ ಕಡಿಮೆಯೇ ಸಾಕು. ಇನ್ನು ಕೆಲವು ಪ್ಲೇನಾರ್ ಹೆಡ್‌ಫೋನ್‌ಗಳಿವೆ. ಹೈಫೈಮ್ಯಾನ್ ಎಚ್‌ಇ-6 ಅಂಥದ್ದು, 110 ಡೆಸಿಬೆಲ್‌ಗೆ ಹತ್ತಿರಹತ್ತಿರ ಅರ್ಧ ವಾಟ್ ಕೇಳುತ್ತದೆ. ಅದನ್ನು ಆಂಪ್ಲಿಫೈಯರ್ ಇಲ್ಲದೆ ಕೊಳ್ಳುವುದು ದಡ್ಡತನ. ಲ್ಯಾಪ್‌ಟಾಪ್‌ನ ಸಾಕೆಟ್‌ನಲ್ಲಿ ಜುಯ್ ಎನ್ನುವ ಸದ್ದು ಬರುತ್ತಿದ್ದರೆ, ಅಥವಾ ಸಾಕೆಟ್‌ನ ಔಟ್‌ಪುಟ್ ಇಂಪೀಡೆನ್ಸ್ ಹೆಡ್‌ಫೋನ್‌ನದರ ಎಂಟನೇ ಒಂದು ಭಾಗಕ್ಕಿಂತ ಹೆಚ್ಚಿದ್ದರೆ, ಆಗಲೂ ಬದಲಿ ಬೇಕು. ಅಲ್ಲಿಯೂ ಮೊದಲು ಡಾಂಗಲ್ ಹಾಕಿ ನೋಡಿ. ಬ್ಲೂಟೂತ್ ಹೆಡ್‌ಫೋನ್ ಆದರೆ ಆಂಪ್ಲಿಫೈಯರ್ ಅದರ ಒಳಗೇ ಇದೆ, ಹಂಚುವ ಪ್ರಶ್ನೆಯೇ ಬರುವುದಿಲ್ಲ. ಆದರೆ ಅದರ ಆಯಸ್ಸು ಬ್ಯಾಟರಿಯ ಆಯಸ್ಸಿನಷ್ಟು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

‘ಮುಂದೆ ದೊಡ್ಡ ಹೆಡ್‌ಫೋನ್ ಕೊಂಡಾಗ ಬೇಕಾಗುತ್ತದಲ್ಲ, ಈಗಲೇ ಆಂಪ್ ತೆಗೆದಿಡೋಣ’ ಎನ್ನುವವರಿದ್ದಾರೆ. ನಾನೂ ಅದನ್ನೇ ಹೇಳಿಕೊಂಡಿದ್ದೆ. ಇದು ಗಾಡಿ ಕೊಳ್ಳುವ ಮುಂಚೆ ಶೆಡ್ ಕಟ್ಟಿಸಿದ ಹಾಗೆ. ಮುಂದಿನ ಹೆಡ್‌ಫೋನ್‌ಗೆ ಎಷ್ಟು ವೋಲ್ಟ್ ಬೇಕು ಎಂಬುದು ಅದನ್ನು ಆರಿಸಿದ ಮೇಲಷ್ಟೇ ಗೊತ್ತಾಗುವುದು. ಅಲ್ಲಿಯವರೆಗೆ ದುಡ್ಡು ಖಾತೆಯಲ್ಲೇ ಇರಲಿ.

ಇನ್ನೊಂದು ಎಚ್ಚರಿಕೆ. ಹೆಡ್‌ಫೋನ್‌ಗೇ ಹೆಚ್ಚು ಪಾಲು ಎಂದರೆ ದುಬಾರಿಯದನ್ನೇ ಕೊಳ್ಳಿ ಎಂದಲ್ಲ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಯೆರೂನ್ ಬ್ರೇಬಾರ್ಟ್ ಎಂಬ ಸಂಶೋಧಕ 283 ಹೆಡ್‌ಫೋನ್‌ಗಳನ್ನು ಅಳೆದು, ಬೆಲೆಗೂ ಅವುಗಳ ಫ್ರೀಕ್ವೆನ್ಸಿ ರೆಸ್ಪಾನ್ಸ್‌ಗೂ ಸಂಬಂಧ ಕಾಣುವುದಿಲ್ಲ ಎಂದು ತೋರಿಸಿದ್ದರು. ಆದ್ದರಿಂದ ಬೆಲೆಚೀಟಿ ನೋಡಿ ಕೊಳ್ಳಬೇಡಿ, ಕೇಳಿ ಕೊಳ್ಳಿ. ಪುಣೆಯ ತಪ್ಕೀರ್ ಗಲ್ಲಿಯಿರಲಿ, ಮುಂಬೈಯ ಲ್ಯಾಮಿಂಗ್ಟನ್ ರಸ್ತೆಯಿರಲಿ, ಚೆನ್ನೈಯ ರಿಚಿ ಸ್ಟ್ರೀಟ್ ಇರಲಿ, ಹೋಗುವಾಗ ನಿಮಗೆ ಬಾಯಿಪಾಠವಾಗಿರುವ ಮೂರು ಹಾಡು ಮೊಬೈಲ್‌ನಲ್ಲಿ ಇರಲಿ. ಅಂಗಡಿಯವರು ಹಾಕುವ ಹಾಡು ಬೇಡ. ಹಾಕಿಕೊಂಡು ಹತ್ತು ನಿಮಿಷ ಕೂರಿ. ಕಿವಿ ಬೆವರಿದರೆ, ತಲೆ ಬಿಗಿದರೆ, ಎಷ್ಟೇ ಒಳ್ಳೆಯ ಧ್ವನಿಯಿದ್ದರೂ ಅದು ಮೂಲೆ ಸೇರುತ್ತದೆ.

ಜೋರಿನ ಬಗ್ಗೆಯೂ ಒಂದು ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಡೆಸಿಬೆಲ್ ಆದರೆ 4 ಗಂಟೆ ಮಾತ್ರ. ಮೀಟಿಂಗ್, ಬಸ್ಸು, ಹಾಡು ಸೇರಿ ನಮ್ಮಲ್ಲಿ ಹಲವರ ಕಿವಿಗೆ ದಿನಕ್ಕೆ ಎಂಟು ಗಂಟೆ ಏನಾದರೊಂದು ಸಿಕ್ಕಿಸಿಯೇ ಇರುತ್ತದೆ. ಸಾಧಾರಣ ಹೆಡ್‌ಫೋನ್‌ಗೆ ಬಲವಾದ ಆಂಪ್ಲಿಫೈಯರ್ ಸೇರಿದರೆ ಏನಾಗುತ್ತದೆ ಎಂಬುದನ್ನು ನಾನು ಅನುಭವಿಸಿದ್ದೇನೆ: ಕೇಳದ ತಂಬೂರಿಯನ್ನು ಹುಡುಕುತ್ತ ಗುಂಡಿ ತಿರುಗಿಸುತ್ತಲೇ ಹೋಗುತ್ತೇವೆ. ಒಳ್ಳೆಯ ಹೆಡ್‌ಫೋನ್ ಬಂದ ಮೇಲೆ ನಾನು ಮೊದಲಿಗಿಂತ ಮೆಲ್ಲಗೆ ಕೇಳತೊಡಗಿದೆ. ಗುಂಡಿ ತಿರುಗಿಸುವ ಅಗತ್ಯವೇ ಬೀಳಲಿಲ್ಲ. ದುಡ್ಡು ಹೋದರೆ ಮತ್ತೆ ದುಡಿಯಬಹುದು. ಕಿವಿಯೊಳಗಿನ ಕೂದಲಿನಂಥ ಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ.

ರಾಯಚೂರಿನ ಹುಡುಗನಿಗೆ ನಾನು ಬರೆದುಕೊಟ್ಟ ಲೆಕ್ಕ ಹೀಗಿತ್ತು. ಹೆಡ್‌ಫೋನ್‌ಗೆ ಹನ್ನೊಂದು ಸಾವಿರದವರೆಗೆ, ಡಾಂಗಲ್‌ನಲ್ಲೇ ಹಾಡುವಂಥದ್ದು. ಡಾಂಗಲ್‌ಗೆ ಒಂದು ಸಾವಿರ. ಎರಡು ವರ್ಷದ ಮೇಲೆ ಹರಿಯುವ ಇಯರ್‌ಪ್ಯಾಡ್, ಕೈಕೊಡುವ ಕೇಬಲ್‌ಗೆಂದು ಒಂದೂವರೆ ಸಾವಿರ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆಮೇಲೆ ಹರಿದ ಪ್ಯಾಡ್‌ಗಾಗಿ ಹೊಸ ಹೆಡ್‌ಫೋನ್ ಕೊಳ್ಳುತ್ತಾರೆ. ಉಳಿದ ಒಂದೂವರೆ ಸಾವಿರ ಖರ್ಚು ಮಾಡಲೇಬೇಕೆಂದಿಲ್ಲ. ಡಗ್ಗಾ ಹೆಚ್ಚಾಯಿತು, ಕಂಠ ಹಿಂದೆ ಸರಿಯಿತು ಎನ್ನಿಸಿದರೆ ಮೊದಲು ಈಕ್ವಲೈಜರ್ ಹಾಕಿ ತಿದ್ದು ಅಂದೆ. ವಿಂಡೋಸ್‌ಗೆ ಈಕ್ವಲೈಜರ್ ಎಪಿಒ ಎಂಬುದು ಪುಕ್ಕಟೆಯಾಗಿಯೇ ಸಿಗುತ್ತದೆ. ಒಂಬತ್ತು ಸಾವಿರದ ನನ್ನ ಪೆಟ್ಟಿಗೆ ಮಾಡಲಾರದ ತಿದ್ದುಪಡಿಯನ್ನು ಅದು ಐದು ನಿಮಿಷದಲ್ಲಿ ಮಾಡಿತ್ತು.

ಎಲ್ಲ ಕೇಳಿಸಿಕೊಂಡ. ‘ಹೂಂ ಅಣ್ಣಾ, ಲೆಕ್ಕ ಖರೇ ಅದ’ ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಆದ್ರ ಆ ಪೆಟಗಿ ಟೇಬಲ್ ಮ್ಯಾಲೆ ಇಟ್ರ ಭಾಳ ಚಂದ ಕಾಣ್ತದ’ ಎಂದ.

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ನನ್ನದು ಈಗಲೂ ಕಪಾಟಿನ ಮೇಲಿದೆ, ಮಾರಲು ಮನಸ್ಸು ಬಂದಿಲ್ಲ. ‘ಕೊಳ್ಳೋದಕ್ಕ ಮೊದಲ ಭಾನುವಾರ ನಮ್ಮನಿಗೆ ಬಾ. ಆ ಪೆಟಗಿ ಹಚ್ಚಿ ಕೇಳು, ಡಾಂಗಲ್ ಹಚ್ಚಿ ಕೇಳು. ಟವೆಲ್ ನಾ ಕೊಡ್ತೀನಿ’ ಎಂದೆ. ಬರುತ್ತೇನೆ ಎಂದಿದ್ದಾನೆ. ಊಟಕ್ಕೆ ರೊಟ್ಟಿ ಇದ್ದರೆ ಮಾತ್ರವಂತೆ.