ಮಾರಿಕಣಿವೆಗೆ ಒಂದು ದಿನ



ರಾಮಗಿರಿ, ಹೊಳಲ್ಕೆರೆ ಕಡೆಯವರು ಪ್ರವಾಸ ಅಂದರೆ ಊಟಿ, ಮೈಸೂರೇ ಅಂತೀರಿ. ನಮ್ಮ ಜಿಲ್ಲೆಯದೇ ಮಾರಿಕಣಿವೆ ನೋಡಿದ್ದೀರಾ? ಎರಡು ಗುಡ್ಡಗಳ ನಡುವೆ ವೇದಾವತಿಗೆ ಕಟ್ಟಿದ ಈ ವಾಣಿವಿಲಾಸ ಸಾಗರದ ಕೆಲಸ ಮುಗಿದದ್ದು 1907ರಲ್ಲಿ. 1933ರಲ್ಲಿ ಕೋಡಿ ಬಿದ್ದಮೇಲೆ ಮತ್ತೆ ಬಿದ್ದದ್ದು 2022ರಲ್ಲಿ! ಈ ಬಯಲುಸೀಮೆಯಲ್ಲಿ ಅಷ್ಟು ವರ್ಷವೂ ಕೊಡ ಹೊತ್ತವರು ಹೆಂಗಸರೇ. ತುಂಬಿದ ನೀರನ್ನು ಕಣ್ತುಂಬ ನೋಡುವ ಭಾಗ್ಯ ನಮಗೂ ಬೇಡವೇ?

ಬುತ್ತಿಗೆ ರಾಗಿ ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರನ್ನ ಸಾಕು. ಪುಡಿಯನ್ನು ಹಿಂದಿನ ದಿನವೇ ಕುಟ್ಟಿಟ್ಟುಕೊಳ್ಳಿ. ಮಕ್ಕಳನ್ನು ನೀರಂಚಿಗೆ ಬಿಡಬೇಡಿ. ಬರುವಾಗ ದುರ್ಗದ ದಾರಿ ಹಿಡಿದರೆ ಸಂಜೆಗೆ ಖಾರ ಮಂಡಕ್ಕಿ, ಬಿಸಿ ಮೆಣಸಿನಕಾಯಿ ಬಜ್ಜಿ ಸಿಗುತ್ತದೆ. ಮನೆ ಸೇರಿದಮೇಲೆ ಅನ್ನಕ್ಕಿಡುವ ಕೆಲಸ? ಅದೊಂದು ದಿನ ಯಜಮಾನರಿಗಿರಲಿ!